ಏಳನೆಯ ರಂಧ್ರ

ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರು 60 ದಾಟಿದ ಮೇಲೆ ಮೌತ್ ಆರ್ಗನ್ ಕಲಿಯತೊಡಗಿದರು. ಗುರು, ಮೊಮ್ಮಗಳು. 10 ರಂಧ್ರಗಳ ಆ ವಾದ್ಯದಲ್ಲಿ ನಾಲ್ಕನೆಯದನ್ನು ಊದಿದರೆ ಷಡ್ಜ, ಉಸಿರೆಳೆದರೆ ಋಷಭ. ಐದು, ಆರರಲ್ಲಿಯೂ ಇದೇ ಕ್ರಮ. ಏಳನೆಯದರಲ್ಲಿ ಮಾತ್ರ ತಿರುವುಮುರುವು: ಮೊದಲು ಎಳೆದು ನಿಷಾದ, ಬಳಿಕ ಊದಿ ಮೇಲಿನ ಷಡ್ಜ. ನಿತ್ಯವೂ ಅವರು ಅಲ್ಲಿಯೇ ಎಡವುತ್ತಿದ್ದರು. "ಇನ್ನೊಮ್ಮೆ ನೋಡ್ರಿ, ಅಜ್ಜಾ" ಎನ್ನುವಳೇ ಹೊರತು ಮಗು ಎಂದೂ ಗದರಲಿಲ್ಲ.

ಒಂದು ಸಂಜೆ ಅವರಿಗೆ ಬೆಳಗಿನ ಘಟನೆ ನೆನಪಾಯಿತು. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸುವಾಗ ಎಳೆ ತಪ್ಪಿಸಿದ ಹೊಸ ಹುಡುಗನನ್ನು ಎಲ್ಲರೆದುರು ಹಳಿದಿದ್ದರು. ಕಠೋರ ವಚನವೂ ಹಿಂಸೆಯೆಂಬುದು ಅವರು ಅರಿಯದ್ದೇನಲ್ಲ. ಮರುದಿನ ಮಗ್ಗದ ಬಳಿ ಹೋಗಿ, ಎಲ್ಲರೆದುರೇ ಅವನ ಕ್ಷಮೆ ಬೇಡಿದರು.

ಅಂದು ಸಂಜೆಯೂ ಏಳನೆಯ ರಂಧ್ರ ಒಲಿಯಲಿಲ್ಲ. ಮನಸ್ಸು ಮಾತ್ರ ಹಗುರವಾಗಿತ್ತು.