ಪೋರ್ಟ್ ನಂಬರ್ 3128

ಸ್ಕ್ವಿಡ್ ಎಂಬ ಪ್ರಾಕ್ಸಿಯ ಸೆಟ್ಟಿಂಗ್ ಫೈಲು ಆಗೆಲ್ಲ ಸಾವಿರಾರು ಸಾಲಿನದು. ನಿಜವಾಗಿ ಕೆಲಸ ಮಾಡುವ ಸಾಲು ಹೆಚ್ಚೆಂದರೆ ಮೂವತ್ತು. ಮಿಕ್ಕಿದ್ದೆಲ್ಲ ಹ್ಯಾಶ್ ಗುರುತು ಹಚ್ಚಿಕೊಂಡು ಕೂತ ಉಪದೇಶ. ಇದನ್ನು ಹೀಗೆ ಬದಲಿಸಬಹುದು, ಆದರೆ ಬದಲಿಸದಿದ್ದರೇ ವಾಸಿ, ಬದಲಿಸಿದರೆ ಆಮೇಲೆ ನಮ್ಮನ್ನು ಕೇಳಬೇಡ ಎಂಬ ಧಾಟಿ. ಅಜ್ಜಿಯ ಜೊತೆ ಬೆಳೆದವರಿಗೆ ಈ ಧಾಟಿ ಹೊಸದೇನಲ್ಲ. ನನಗಂತೂ ಮೊದಲ ದಿನವೇ ಒಗ್ಗಿತು.

2003ರ ಸುಮಾರಿಗೆ ನಾನು ಲ್ಯಾಬ್ ನೋಡಿಕೊಳ್ಳುತ್ತಿದ್ದ ಇಂಜಿನಿಯರಿಂಗ್ ಕಾಲೇಜಿಗೆ ಇದ್ದದ್ದು 64 ಕೆಬಿಪಿಎಸ್‌ನ ಒಂದು ಲೀಸ್ಡ್ ಲೈನು. ಅಂದರೆ ಸೆಕೆಂಡಿಗೆ 8 ಕಿಲೋಬೈಟು. ಈಗಿನ ಮೊಬೈಲಿನಲ್ಲಿ ತೆಗೆದ 3 ಎಂಬಿಯ ಒಂದು ಸೆಲ್ಫಿ ಆ ತಂತಿಯಲ್ಲಿ ಇಳಿದು ಬರಲು ಆರು ನಿಮಿಷದ ಮೇಲಾದರೂ ಬೇಕು, ಅದೂ ಬೇರೆ ಯಾರೂ ಇಂಟರ್‌ನೆಟ್ ಮುಟ್ಟದಿದ್ದರೆ. ನಮ್ಮಲ್ಲೋ 60 ಕಂಪ್ಯೂಟರು. ನಡುವೆ ರೆಡ್ ಹ್ಯಾಟ್ ಹಾಕಿದ ಒಂದು ಮುದಿ ಪೆಂಟಿಯಂ, ಅದರ ಹೊಟ್ಟೆಯಲ್ಲಿ ಸ್ಕ್ವಿಡ್. ಎಲ್ಲರ ಬ್ರೌಸರಿನಲ್ಲೂ ಅದರ ವಿಳಾಸ, ಪೋರ್ಟ್ 3128. ಒಬ್ಬರು ತರಿಸಿದ ಪುಟವನ್ನು ಅದು ಎತ್ತಿಟ್ಟುಕೊಂಡು ಉಳಿದವರಿಗೂ ಬಡಿಸುತ್ತಿತ್ತು. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ ದುಡ್ಡಿನಲ್ಲಿ 1996ರಲ್ಲಿ ಡುವೇನ್ ವೆಸೆಲ್ಸ್ ಮತ್ತು ಸಂಗಡಿಗರು ಶುರು ಮಾಡಿದ ತಂತ್ರಾಂಶವಿದು. ನಮ್ಮ ಹುಡುಗರ ಜಿಮೇಲ್ ಪೂರ್ವದ ಬದುಕಿಗೆ ಇದು ಹೀಗೆ ಒದಗೀತೆಂದು ಆ ಪುಣ್ಯಾತ್ಮ ಎಣಿಸಿರಲಾರ.

ಎತ್ತಿಟ್ಟ ಪುಟ ಎಷ್ಟು ಹೊತ್ತು ತಾಜಾ? ಅದಕ್ಕೆ ರಿಫ್ರೆಶ್ ಪ್ಯಾಟರ್ನ್ ಎಂಬ ಸಾಲಿದೆ. ವೆಬ್‌ಸೈಟಿನವರು ತಾವಾಗಿ ಅವಧಿ ಹೇಳದಿದ್ದರೆ, ಪುಟ ಬದಲಾಗದೆ ಇದ್ದ ಕಾಲದ ಶೇಕಡಾ 20ರಷ್ಟನ್ನು ಅದಕ್ಕೆ ಮುಂದಿನ ಆಯಸ್ಸಾಗಿ ಕೊಡುವುದು ಮಾಮೂಲು ಲೆಕ್ಕ. ಹತ್ತು ದಿನದಿಂದ ಹಾಗೇ ಇದ್ದ ಪುಟ ಇನ್ನೆರಡು ದಿನ ಹಾಗೇ ಇದ್ದೀತು ಎಂಬ ಭರವಸೆ. ಎಷ್ಟೇ ಜಡವಾಗಿರಲಿ, 4320 ನಿಮಿಷಕ್ಕೆ, ಅಂದರೆ ಮೂರು ದಿನಕ್ಕೆ ಒಮ್ಮೆ ಹೋಗಿ ವಿಚಾರಿಸಲೇಬೇಕು. ನಮ್ಮ ಪ್ರಿನ್ಸಿಪಾಲರ ಅಭಿಪ್ರಾಯಗಳಿಗೂ ಸ್ಟಾಫ್ ರೂಮಿನಲ್ಲಿ ಹೆಚ್ಚುಕಡಿಮೆ ಇದೇ ಸೂತ್ರ ನಡೆಯುತ್ತಿತ್ತು.

ಇದ್ದದ್ದನ್ನು ನೆನಪಿಡುವುದು ಸರಿ. ಇಲ್ಲದ್ದನ್ನೂ ನೆನಪಿಡುವುದು ಸ್ಕ್ವಿಡ್‌ನ ವೈಶಿಷ್ಟ್ಯ. ಆ ಸೆಟ್ಟಿಂಗಿನ ಹೆಸರು ನೆಗೆಟಿವ್ ಟಿಟಿಎಲ್, ಆಗಿನ ಆವೃತ್ತಿಯಲ್ಲಿ ಅದರ ಮಾಮೂಲು ಬೆಲೆ ಐದು ನಿಮಿಷ. ಕೇಳಿದ ಪುಟ ಆ ಕಡೆ ಸಿಗದೆ 404 ಬಂದರೆ, ಆ ‘ಇಲ್ಲ’ವನ್ನೂ ಐದು ನಿಮಿಷ ಜೋಪಾನ ಮಾಡಿ ಕೇಳಿದವರಿಗೆಲ್ಲ ಹಂಚುತ್ತದೆ. ಇದರ ಪ್ರತಾಪ ಗೊತ್ತಾದದ್ದು ಫಲಿತಾಂಶದ ದಿನ. ಪುಟ ಹತ್ತು ಗಂಟೆಗೆ ಬರುವುದೆಂದರೆ ಹತ್ತಕ್ಕೆ ಒಂದು ನಿಮಿಷ ಇರುವಾಗಲೇ ಒಬ್ಬ ಆತುರಗಾರ ಕೇಳಿಬಿಡುತ್ತಿದ್ದ. ಇಲ್ಲ ಅಂತ ಬರುತ್ತಿತ್ತು. ಹತ್ತಕ್ಕೆ ಪುಟ ಬಂದರೂ ನಮ್ಮ ಕಾಲೇಜಿಗೆ ಮಾತ್ರ ಹತ್ತೂ ನಾಲ್ಕರವರೆಗೆ ಅದು ಇಲ್ಲ.

“ಸಾರ್, ಬಸ್ ಸ್ಟ್ಯಾಂಡ್ ಹತ್ರ ಸೈಬರ್‌ನಲ್ಲಿ ರಿಸಲ್ಟ್ ಬಂದಿದೆಯಂತೆ. ನಮ್ಮಲ್ಲಿ ಇನ್ನೂ ಬಂದಿಲ್ಲ!”

ಅಂಥ ನಾಲ್ಕು ನಿಮಿಷದಲ್ಲಿ ಹರಕೆ ಹೊತ್ತವರಿದ್ದಾರೆ. ಒಬ್ಬ ಹುಡುಗ ನನ್ನ ಟೇಬಲ್ಲಿನ ಗಣಪತಿ ಫೋಟೊಕ್ಕೆ ಕೈಮುಗಿದು ವಾಪಸು ಹೋಗುವಷ್ಟರಲ್ಲಿ ಗಡುವು ಮುಗಿದು ಪುಟ ಬಂತು. ಗಣಪತಿಯ ಕೀರ್ತಿ ಆ ಸೆಮಿಸ್ಟರಿನಲ್ಲಿ ಏಳೆಂಟು ಹಳ್ಳಿಗೆ ಹಬ್ಬಿತು. ನಾನು ಆ ಬೆಲೆಯನ್ನು ಸೊನ್ನೆ ಮಾಡಿದ ಮೇಲೂ ಕೈಮುಗಿಯುವವರು ಕಡಿಮೆಯಾಗಲಿಲ್ಲ.

ಪ್ರಿನ್ಸಿಪಾಲರಿಗೆ ನೆಗೆಟಿವ್ ಟಿಟಿಎಲ್ ಬೇಕಿರಲಿಲ್ಲ, ಅವರಿಗೆ ಬೇಕಿದ್ದದ್ದು ನೀತಿ. ಹೇಳಲು ಅವರೇ ನಾಚುತ್ತಿದ್ದ ಒಂದು ಇಂಗ್ಲಿಷ್ ಪದವನ್ನು ಚೀಟಿಯಲ್ಲಿ ಬರೆದುಕೊಟ್ಟು, ಇದು ಯಾವ ವಿಳಾಸದಲ್ಲಿದ್ದರೂ ಬಂದ್ ಆಗಬೇಕೆಂದರು. ಬರೆದೆ. ಸ್ಕ್ವಿಡ್ ಅಕ್ಷರಶಃ ಪಾಲಿಸಿತು. ಮಾರನೆಯ ದಿನ ಫಿಸಿಕ್ಸ್ ಮೇಷ್ಟ್ರು ಬೆವರೊರೆಸಿಕೊಳ್ಳುತ್ತ ಬಂದರು. ಇಂಗ್ಲೆಂಡಿನ ಕೌಂಟಿ ಕ್ರಿಕೆಟ್ಟಿನ 18 ತಂಡಗಳಲ್ಲಿ ಎಸೆಕ್ಸ್, ಸಸೆಕ್ಸ್, ಮಿಡ್ಲ್‌ಸೆಕ್ಸ್ ಮೂರರ ಪುಟಗಳು ಮಾತ್ರ ತೆರೆಯುತ್ತಿಲ್ಲ. ತೆರೆಯಹೋದರೆ ‘ಪ್ರವೇಶ ನಿಷಿದ್ಧ’ ಎಂದು ಪರದೆಯ ತುಂಬ ಬರುತ್ತದೆ, ಹಿಂದೆ ಹುಡುಗಿಯರು ಕೂತಿದ್ದಾರೆ. ಮೇಷ್ಟ್ರ ಮಾನ ಉಳಿಸಲು ಪದದ ಬದಲು ಸೈಟುಗಳ ಹೆಸರನ್ನೇ ಪಟ್ಟಿ ಮಾಡಬೇಕಾಯಿತು. ಆ ಪಟ್ಟಿ ತಯಾರಿಸಲು ಒಂದು ಸಮಿತಿ ಆಯಿತು. ಸಮಿತಿಗೆ ಸೇರಲು ಬಂದ ಉತ್ಸಾಹ ಕಾಲೇಜಿನ ಇನ್ಯಾವ ಸಮಿತಿಗೂ ಬಂದದ್ದಿಲ್ಲ.

ಕ್ರಿಕೆಟ್ ಸೈಟಿಗೆ ಒಪ್ಪಿಗೆ ಊಟದ ಹೊತ್ತು ಮಾತ್ರ, ಒಂದರಿಂದ ಎರಡು. ಇಂಥ ವೇಳೆಯ ನಿಯಮ ಬರೆಯಲು ಸ್ಕ್ವಿಡ್‌ನ ವಾರದಲ್ಲಿ ಗುರುವಾರಕ್ಕೆ ಎಚ್, ಶನಿವಾರಕ್ಕೆ ಎ. ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದಿ, ಮೊದಲು ಹೊಂದಿದ್ದನ್ನೇ ಅದು ಕೊನೆಯ ಮಾತೆಂದು ಹಿಡಿಯುತ್ತದೆ. ಹಾಗಾಗಿ ನಿಷೇಧದ ಸಾಲು ಎಷ್ಟೇ ಕಠೋರವಾಗಿದ್ದರೂ ಅದರ ಮೇಲೆ ವಿಭಾಗದ ಮುಖ್ಯಸ್ಥರ ಕಂಪ್ಯೂಟರಿಗೆ ಒಪ್ಪಿಗೆಯ ಸಾಲೊಂದು ಕೂತರೆ ಮುಗಿಯಿತು. ನಾಲ್ಕು ವಿಭಾಗ, ನಾಲ್ಕು ಸಾಲು. ಯಾರದು ಎಲ್ಲಕ್ಕಿಂತ ಮೇಲಿದೆ ಎಂದು ಸಿವಿಲ್‌ನವರು ಒಮ್ಮೆ ವಿಚಾರಿಸಿದ್ದರು.

ರಾತ್ರಿ ಲ್ಯಾಬಿಗೆ ಬೀಗ ಹಾಕುವ ಮುಂಚೆ ಆಕ್ಸೆಸ್ ಲಾಗ್ ನೋಡುವುದು ನನ್ನ ಕೆಲಸ. ಪ್ರತಿ ಸಾಲಿನಲ್ಲೂ ಹೊತ್ತು, ಕಂಪ್ಯೂಟರಿನ ವಿಳಾಸ, ಹಿಟ್ಟೋ ಮಿಸ್ಸೋ, ಎಷ್ಟು ಬೈಟು, ಯಾವ ಸೈಟು. ಸರ್ಚಿನಲ್ಲಿ ಏನು ಟೈಪಿಸಿದರು ಎಂಬುದು ಬರುವುದಿಲ್ಲ. ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಆಚೆಗಿನದನ್ನು ಸ್ಕ್ವಿಡ್ ತಾನಾಗಿಯೇ ಕತ್ತರಿಸುತ್ತದೆ, ಅಷ್ಟು ಮರ್ಯಾದೆ ಅದಕ್ಕಿದೆ. ಆದರೂ ಸಾಕಷ್ಟು ತಿಳಿಯುತ್ತಿತ್ತು. ಯಾರು ಕೆಲಸ ಬಿಟ್ಟು ಗಲ್ಫಿಗೆ ಹೊರಟಿದ್ದಾರೆ, ಯಾರ ಮಗಳಿಗೆ ಗಂಡು ಹುಡುಕುತ್ತಿದ್ದಾರೆ. ಒಂದು ಮಳೆಗಾಲದಲ್ಲಿ, ಕಾಲೇಜು ಬಿಟ್ಟ ಮೇಲೆ ದಿನವೂ ಒಂದೇ ಕಂಪ್ಯೂಟರಿನಿಂದ ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಪುಟ, ಅದರ ಬೆನ್ನಿಗೆ ಪುಟ್ಟ ಮಕ್ಕಳ ಶ್ರವಣ ಯಂತ್ರದ ಚಿತ್ರಗಳು. ಆ ಕುರ್ಚಿಯಲ್ಲಿ ಕೂರುತ್ತಿದ್ದವರು ಯಾರೆಂದು ನನಗೆ ಗೊತ್ತು. ಮೊನ್ನೆ ತಾನೇ ಮಗುವಿನ ಹುಟ್ಟುಹಬ್ಬದ ಪೇಡ ಹಂಚಿ, ನಗುನಗುತ್ತ ಹೋಗಿದ್ದರು.

ಕ್ಲೈಂಟ್ ನೆಟ್‌ಮಾಸ್ಕ್ ಎಂಬ ಸೆಟ್ಟಿಂಗ್ ಇದೆ, ಯಾರೂ ಮುಟ್ಟುವುದಿಲ್ಲ. ಅದರ ಕೊನೆಯ 255 ತೆಗೆದು ಸೊನ್ನೆ ಹಾಕಿದರೆ ಲಾಗಿನಲ್ಲಿ ಎಲ್ಲ ಕಂಪ್ಯೂಟರಿನ ಕೊನೆಯ ಸಂಖ್ಯೆಯೂ ಸೊನ್ನೆಯಾಗುತ್ತದೆ. ಅವತ್ತೇ ಹಾಕಿದೆ. ಯಾರಿಗೂ ಹೇಳಲಿಲ್ಲ, ಆ ಮೇಡಮ್ಮಿಗೂ.

ವಾರದೊಳಗೆ ಪ್ರಿನ್ಸಿಪಾಲರಿಂದ ಕರೆ ಬಂತು. “ಏನ್ರೀ, ಕ್ಲಾಸ್ ಟೈಮಲ್ಲಿ ಮ್ಯಾಟ್ರಿಮೊನಿ ಸೈಟು ನೋಡ್ತಿರೋರು ಯಾರ್ರೀ?”

“ಲಾಗಲ್ಲಿ ಎಲ್ಲರದೂ ಒಂದೇ ವಿಳಾಸ ಬರ್ತಿದೆ ಸಾರ್.”

“ಅಂದ್ರೆ ಎಲ್ರೂ ನೋಡ್ತಿದಾರಾ?” ಎಂದು ಕನ್ನಡಕ ತೆಗೆದರು.

ಈಗ ಆ ಮಾಸ್ಕಿನ ಅಗತ್ಯ ಅಷ್ಟಿಲ್ಲ. 2015ರ ಕೊನೆಗೆ ಲೆಟ್ಸ್ ಎನ್‌ಕ್ರಿಪ್ಟ್‌ನವರು ಪುಕ್ಕಟೆ ಸರ್ಟಿಫಿಕೇಟು ಹಂಚತೊಡಗಿದರು. 2018ರ ಜುಲೈಯಲ್ಲಿ ಕ್ರೋಮ್ ಬ್ರೌಸರು ಎಚ್‌ಟಿಟಿಪಿ ಸೈಟುಗಳಿಗೆಲ್ಲ ‘ಸುರಕ್ಷಿತವಲ್ಲ’ ಎಂದು ಚೀಟಿ ಅಂಟಿಸಿತು. ಈಗ ಲಾಗಿನ ತುಂಬ ಕನೆಕ್ಟ್, ಒಂದು ಸೈಟಿನ ಹೆಸರು, ಪೋರ್ಟ್ 443, ಇಷ್ಟೇ. ಒಳಗೆ ಹೋದದ್ದೇನು, ಬಂದದ್ದೇನು, ಪ್ರಾಕ್ಸಿಗೆ ತಿಳಿಯದು. ತಿಳಿಯದ್ದನ್ನು ಎತ್ತಿಡಲಾಗದು, ಇನ್ನೊಬ್ಬರಿಗೆ ಬಡಿಸಲಾಗದು. 60 ಜನ ಒಂದೇ ಪುಟ ಕೇಳಿದರೆ 60 ಸಲ ಬರುತ್ತದೆ. ಫೈಬರ್ ಇದೆ, ಯಾರಿಗೂ ತೊಂದರೆ ಇಲ್ಲ. ಗುಟ್ಟು ಗುಟ್ಟಾಗಿ ಉಳಿದದ್ದಕ್ಕೆ ನನಗೆ ಸಂತೋಷವೇ. ಆದರೂ ಒಬ್ಬ ತರಿಸಿದ್ದು ಅವನಿಗೇ ತಿಳಿಯದೆ ಮೂಲೆಯ ಇನ್ನೊಬ್ಬನಿಗೆ ದಕ್ಕುತ್ತಿತ್ತಲ್ಲ, ಲಾಗಿನಲ್ಲಿ ಆ ಹಿಟ್‌ಗಳ ಸಾಲು ನೋಡಿ ಬೀಗ ಹಾಕುತ್ತಿದ್ದ ಖುಷಿ ಈಗಿಲ್ಲ.

ಹೊಸದಾಗಿ ಸೇರಿದ ಹುಡುಗ ಎಸ್‌ಎಸ್‌ಎಲ್ ಬಂಪ್ ಹಾಕೋಣ ಸಾರ್ ಎನ್ನುತ್ತಾನೆ: ಎಲ್ಲ ಕಂಪ್ಯೂಟರಿಗೂ ನಮ್ಮದೇ ಸರ್ಟಿಫಿಕೇಟು ತುರುಕಿ, ನಡುದಾರಿಯಲ್ಲಿ ಲಕೋಟೆ ಬಿಚ್ಚಿ ಓದಿ ಮತ್ತೆ ಅಂಟಿಸಿ ಕಳಿಸುವ ವಿದ್ಯೆ. ಬೇಡ ಅಂದೆ. ಬೇರೆ ಏನಾದರೂ ಕೆಲಸ ಕೊಡಿ ಅಂದ. ಸೆಟ್ಟಿಂಗ್ ಫೈಲು ಚೊಕ್ಕ ಮಾಡು ಅಂದೆ. ಅರ್ಧ ಗಂಟೆಯಲ್ಲಿ ವಾಪಸು ಬಂದು, “ಸಾರ್, ಈ ಗೋಫರ್ ಅಂದ್ರೆ ಏನು?” ಅಂದ. ಮಿನೆಸೋಟ ವಿಶ್ವವಿದ್ಯಾಲಯದವರು 1991ರಲ್ಲಿ ಹೊರತಂದದ್ದು, ವೆಬ್ಬಿನ ಎದುರು ಸೋತುಹೋಯಿತು ಎಂದು ವಿವರಿಸಿದೆ. ಸ್ಕ್ವಿಡ್‌ನವರು 6ನೇ ಆವೃತ್ತಿಯಲ್ಲಿ ಗೋಫರನ್ನು ಕೈಬಿಟ್ಟಿದ್ದಾರೆ, ಅಳಿಸಲೇ ಎಂದು ಕೇಳಿದ. ನಮ್ಮದು ಇನ್ನೂ 4ನೇ ಆವೃತ್ತಿ, ಇರಲಿ ಬಿಡು ಅಂದೆ. ಹಾಗಾಗಿ ಯಾರಾದರೂ ಗೋಫರ್ ಪುಟ ಕೇಳಿದ್ದೇ ಆದರೆ ಅದನ್ನು 1440 ನಿಮಿಷ ತಾಜಾ ಇಡುವ ಏರ್ಪಾಡು ನಮ್ಮ ಕಾಲೇಜಿನಲ್ಲಿ ಈಗಲೂ ಇದೆ.