ಜೌಗಿನೊಳಗಣ ಸೆಮಿನೋಲರು

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಆಗ್ನೇಯ ಮೂಲೆಯಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಫ್ಲಾರಿಡಾ ಸಂಸ್ಥಾನದ ದಕ್ಷಿಣಭಾಗವು, ನೆಲವೆಂದಾಗಲಿ ನೀರೆಂದಾಗಲಿ ನಿಶ್ಚಯಿಸಲಾಗದಂತಹ ಪ್ರದೇಶವು. ಮಯಾಮಿ ಪಟ್ಟಣದಿಂದ ಪಶ್ಚಿಮಾಭಿಮುಖವಾಗಿ ಹೊರಟ ಪ್ರಯಾಣಿಕನಿಗೆ ಗಾವುದಗಟ್ಟಲೆ ಕಾಣುವುದು ಗರಗಸದಂತಹ ಅಂಚುಳ್ಳ ಹುಲ್ಲು. ಅದರ ಬುಡದಲ್ಲಿ ಕಂಡೂ ಕಾಣದಂತೆ ದಕ್ಷಿಣಕ್ಕೆ ಸರಿಯುವ ನೀರು. ಅಲ್ಲಲ್ಲಿ ದ್ವೀಪಗಳಂತೆ ಎದ್ದ ಮರದ ತೋಪುಗಳು. ಎವರ್‌ಗ್ಲೇಡ್ಸ್ ಎಂಬ ಈ ಜೌಗನ್ನು ಬಿಳಿಯರು ಬಹುಕಾಲ ಕೆಲಸಕ್ಕೆ ಬಾರದ ಭೂಮಿಯೆಂದು ತಿರಸ್ಕರಿಸಿದ್ದರು. ಸೆಮಿನೋಲರೆಂಬ ಜನವು ಇಲ್ಲಿ ಉಳಿದುಕೊಂಡುದಕ್ಕೆ ಆ ತಿರಸ್ಕಾರವೂ ಒಂದು ಕಾರಣವು.

ಇವರ ಪೂರ್ವಿಕರಲ್ಲಿ ಹೆಚ್ಚಿನವರು 18ನೆಯ ಶತಮಾನದಲ್ಲಿ ಜಾರ್ಜಿಯಾ, ಅಲಬಾಮಾ ಸೀಮೆಗಳಿಂದ ಇಳಿದುಬಂದ ಕ್ರೀಕ್ ಪಂಗಡದವರು. ಫ್ಲಾರಿಡಾದ ಹಳೆಯ ಕುಲಗಳ ರಕ್ತವೂ ತಮ್ಮಲ್ಲಿರುವುದೆಂದು ಸೆಮಿನೋಲರು ಹೇಳಿಕೊಳ್ಳುವರು. ದಾಸ್ಯವನ್ನು ತಪ್ಪಿಸಿಕೊಂಡು ಓಡಿಬಂದ ನೀಗ್ರೋ ಜನರಿಗೂ ಇವರ ನಡುವೆ ಆಶ್ರಯ ದೊರೆಯಿತು. ಹೆಸರಿನ ವ್ಯುತ್ಪತ್ತಿಯು ರಸವತ್ತಾದುದು: ಹಿಡಿತಕ್ಕೆ ಸಿಕ್ಕದೆ ಕಾಡುಪಾಲಾದುದಕ್ಕೆ ಸ್ಪೇನಿನವರು 'ಸಿಮರೋನ್' ಎನ್ನುತ್ತಿದ್ದರು, ಅದೇ ಕ್ರೀಕರ ನಾಲಗೆಯಲ್ಲಿ ತಿರುಗಿ ಸೆಮಿನೋಲ್ ಆಯಿತು.

ಮೂಲನಿವಾಸಿಗಳನ್ನು ಮಿಸಿಸಿಪಿ ನದಿಯ ಪಶ್ಚಿಮಕ್ಕೆ ಸಾಗಿಸತಕ್ಕದ್ದೆಂದು 1830ರಲ್ಲಿ ಅಮೆರಿಕಾದ ಶಾಸನವಾಯಿತು. ಸೆಮಿನೋಲರು ಒಪ್ಪಲಿಲ್ಲ. 1835ರಲ್ಲಿ ಮೊದಲಾದ ಯುದ್ಧವು ಏಳು ವರ್ಷ ನಡೆಯಿತು. ಅವರ ವೀರನಾದ ಆಸಿಯೋಲನು 1837ರ ಅಕ್ಟೋಬರಿನಲ್ಲಿ ಬಿಳಿಯ ಬಾವುಟದಡಿಯಲ್ಲಿ ಮಾತುಕತೆಗೆ ಬಂದಾಗ, ಸೇನಾಪತಿ ಜೆಸಪ್ಪನ ಅಪ್ಪಣೆಯಂತೆ ಅವನನ್ನು ಸೆರೆಹಿಡಿದರು. ಮರುವರ್ಷದ ಜನವರಿಯಲ್ಲಿ ಅವನು ಸೆರೆಯಲ್ಲಿಯೇ ತೀರಿಕೊಂಡನು. ದೂತನನ್ನು ಕೊಲ್ಲಲಾಗದೆಂದು ರಾವಣನ ಸಭೆಯಲ್ಲಿ ಕೂಡ ಒಬ್ಬ ವಿಭೀಷಣನು ಎದ್ದು ಹೇಳಿದನಷ್ಟೆ! ಇಲ್ಲಿ ಅಂತಹ ಮಾತು ನಡೆಯಲಿಲ್ಲ. ಸಾವಿರಾರು ಜನರನ್ನು ಈಗಿನ ಒಕ್ಲಹೋಮಾ ಸೀಮೆಗೆ ಸಾಗಿಸಿದರು. 1858ರಲ್ಲಿ ಕೊನೆಯ ಯುದ್ಧವು ನಿಂತಾಗ ಜೌಗಿನಲ್ಲಿ ಉಳಿದವರು ಕೆಲವು ನೂರು ಮಂದಿ ಮಾತ್ರ.

ಅವರು ಬಾಳಿದ ಮನೆಯನ್ನು ನೋಡಿದರೆ ಆ ಕಷ್ಟಕಾಲವು ಕಣ್ಣಿಗೆ ಕಟ್ಟುವುದು. 'ಚಿಕೀ' ಎಂದು ಅದರ ಹೆಸರು. ಸೈಪ್ರೆಸ್ ಮರದ ಕಂಬಗಳು, ಮೇಲೆ ತಾಳೆಯ ಜಾತಿಯ ಗರಿಗಳ ಹೊದಿಕೆ, ನೀರೇರಿದರೂ ಮುಟ್ಟದಂತೆ ನೆಲದಿಂದೆತ್ತಿದ ಅಟ್ಟಣೆ, ಗೋಡೆಯೆಂಬುದೇ ಇಲ್ಲ. ದಂಡು ಬೆನ್ನಟ್ಟಿ ಬರುವಾಗ ಬೇಗನೆ ಕಟ್ಟುವುದಕ್ಕೂ ಮರುಗದೆ ಬಿಟ್ಟುಹೋಗುವುದಕ್ಕೂ ಇದು ಅನುಕೂಲವಾಗಿದ್ದಿತು. ಅಡಿಗೆಗೆ ಬೇರೆಯೇ ಚಿಕೀ. ಅಲ್ಲಿ ಸೌದೆಯ ದಿಮ್ಮಿಗಳನ್ನು ಚಕ್ರದ ಅರಗಳಂತೆ ಇರಿಸಿ, ಉರಿದಂತೆಲ್ಲ ಒಳಕ್ಕೆ ನೂಕುವರು. ಮೇಲೆ ಮುಸುಕಿನ ಜೋಳದ 'ಸೊಫ್ಕಿ' ಕುದಿಯುತ್ತಿರುವುದು. ನಮ್ಮ ಗಂಜಿಗೆ ಅದು ಹತ್ತಿರದ ನೆಂಟನೆನ್ನಬಹುದು.

ಮಕ್ಕಳು ತಾಯಿಯ ಬಳಿಗೆ ಸೇರಿದವರು. ಮದುವೆಯಾದ ಗಂಡಸು ಹೆಂಡತಿಯ ಬಿಡಾರಕ್ಕೆ ಹೋಗುವುದೇ ಪೂರ್ವಪದ್ಧತಿ. ಅಳಿಯಸಂತಾನವನ್ನು ಬಲ್ಲ ತುಳುನಾಡಿನವರಿಗೆ ತಾಯಿಯ ಬಳಿಯ ಮಾತು ಹೊಸದಾಗಿ ತೋರದು. ಚಿರತೆ, ಕರಡಿ, ಹಕ್ಕಿ, ಗಾಳಿ ಮುಂತಾಗಿ ಬಳಿಗಳ ಹೆಸರು. ಒಂದೇ ಬಳಿಯೊಳಗೆ ಮದುವೆಯು ನಿಷಿದ್ಧ.

ಹೊಲಿಗೆಯ ಯಂತ್ರವು ವ್ಯಾಪಾರಿಗಳ ಮೂಲಕ ಈ ಜೌಗಿಗೂ ಬಂದಿತು. ಬಣ್ಣಬಣ್ಣದ ಬಟ್ಟೆಯನ್ನು ಪಟ್ಟಿಗಳಾಗಿ ಸೀಳಿ ಹೊಲಿದು, ಹೊಲಿದುದನ್ನು ಮತ್ತೆ ಕತ್ತರಿಸಿ ಜೋಡಿಸಿ ಹೆಂಗಸರು ಮಾಡಿದ ಉಡುಪುಗಳು 20ನೆಯ ಶತಮಾನದ ಮೊದಲ ದಶಕಗಳಿಂದ ಇವರ ಗುರುತಾದವು. ಹಳೆಯದಲ್ಲವೆಂದು ಇದನ್ನು ಅಲ್ಲಗಳೆಯುವುದು ಸಲ್ಲದು.

1928ರಲ್ಲಿ ಜೌಗನ್ನು ಸೀಳಿ ಮಯಾಮಿಯಿಂದ ಟ್ಯಾಂಪಾಕ್ಕೆ ಹೆದ್ದಾರಿಯಾಯಿತು. ಕಾಲುವೆಗಳಿಂದ ನೀರಿಳಿದು, ಸೈಪ್ರೆಸ್ ದಿಮ್ಮಿಯನ್ನು ಕೊರೆದು ಮಾಡಿದ ದೋಣಿಗಳ ಹಾದಿ ಕೆಟ್ಟಿತು. ಸರಕಾರವು ಸೆಮಿನೋಲರನ್ನು 1957ರಲ್ಲಿಯೂ, ಅವರ ಒಡಹುಟ್ಟಿದವರಂತಿರುವ ಮಿಕ್ಕೊಸುಕೀ ಜನರನ್ನು 1962ರಲ್ಲಿಯೂ ಸ್ವಂತ ಆಡಳಿತವುಳ್ಳ ಕುಲಗಳೆಂದು ಮನ್ನಿಸಿತು. ಈಗ ಅವರಿಗೆ ಹೋಟೆಲುಗಳೂ ದನದ ಮಂದೆಗಳೂ ಉಂಟು. ಬಿಗ್ ಸೈಪ್ರೆಸ್ ಎಂಬಲ್ಲಿ 1997ರಲ್ಲಿ ತಮ್ಮದೇ ವಸ್ತುಸಂಗ್ರಹಾಲಯವನ್ನು ತೆರೆದಿರುವರು. ಅದರ ಹಿಂದೆ ಸೈಪ್ರೆಸ್ ಮರಗಳ ನಡುವೆ, ನೀರಿನ ಮೇಲೆ ಹಲಗೆಯ ಹಾದಿಯೊಂದು ಹೋಗುವುದು. ಅದನ್ನು ಹಿಡಿದು ನಡೆದರೆ ಒಂದು ಚಿಕೀ ಬಿಡಾರವು ಎದುರಾಗುವುದು.