ನೀನೇ ದಿಕ್ಕು

ಕಮಲಾಪುರದಲ್ಲಿ ನಮ್ಮ ಭಾವ ತೀರಿಕೊಂಡ ದಿನ, ಮಣ್ಣು ಕೊಟ್ಟು ಬಂದ ನಾವೆಲ್ಲ ಅವರ 14ರ ಹರೆಯದ ಮಗನ ಬೆನ್ನು ತಟ್ಟಿ, ‘ಇನ್ನು ಮನೆಗೆ ನೀನೇ ದಿಕ್ಕು’ ಎಂದೆವು. ಧೈರ್ಯ ತುಂಬಿದೆವೆಂದೇ ತಿಳಿದಿದ್ದೆವು. ಹುಡುಗ ಅಳಲಿಲ್ಲ. ಅದನ್ನೂ ಸಬ್ರ್ ಎಂದು ಮೆಚ್ಚಿಕೊಂಡೆವು.

ವರ್ಷದೊಳಗೆ ಅವನು ನಿದ್ದೆ ಬಿಟ್ಟ, ಶಾಲೆ ಬಿಟ್ಟ, ಮಾತಾಡಿಸಿದರೆ ಸಿಡುಕತೊಡಗಿದ. ‘ತಂದೆಯ ಹೆದರಿಕೆಯಿಲ್ಲ, ತಾಯಿ ಸಡಿಲ ಬಿಟ್ಟಳು’ ಎಂದರು ಜನ. ಹಗಲೆಲ್ಲ ಹೊಲಿಗೆ ಯಂತ್ರ ತುಳಿಯುವ ಅಕ್ಕ ಅದನ್ನೂ ಕೇಳಿಸಿಕೊಂಡಳು. ಕಲಬುರಗಿಗೆ ಕರೆತಂದು, ಬಂದೇ ನವಾಝರ ದರ್ಗಾದಲ್ಲಿ ದುಆ ಮಾಡಿ, ಮನೋವೈದ್ಯರಿಗೂ ತೋರಿಸಿದೆವು. ಈ ವಯಸ್ಸಿನಲ್ಲಿ ಖಿನ್ನತೆ ಸಿಡುಕಾಗಿಯೂ ಕಾಣಿಸುತ್ತದೆಂದು ಅವರು ಹೇಳಿದರು. ಅಲ್ಲಿ ಹುಡುಗ ಬಾಯಿಬಿಟ್ಟ: ‘ಮಾಮು, ಅಮ್ಮೀನೂ ಹೋದ್ರ ತಂಗೀನ ನಾ ಹೆಂಗ ಸಾಕ್ಲಿ?’

ಪ್ರವಾದಿಯವರು (ಸ) ಹುಟ್ಟುವ ಮೊದಲೇ ತಂದೆ, ಆರರ ಪ್ರಾಯದಲ್ಲಿ ತಾಯಿ ಇಲ್ಲವಾದರು. ಅಜ್ಜ ಅಬ್ದುಲ್ ಮುತ್ತಲಿಬ್, ಬಳಿಕ ದೊಡ್ಡಪ್ಪ ಅಬೂತಾಲಿಬ್ ಅವರಿಗೆ ದಿಕ್ಕಾದರು. ನಾವೋ, ಮಗುವನ್ನೇ ದಿಕ್ಕು ಎಂದೆವು!

2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, 14416, ಕನ್ನಡದಲ್ಲೂ ಉಚಿತವಾಗಿ ಆಲಿಸುತ್ತದೆ. ಆದರೆ ಮೊದಲು ಆಲಿಸಬೇಕಾದವರು ನಾವೇ.

ಈಗ ಅಕ್ಕನ ಮನೆಬಾಡಿಗೆ, ಮಕ್ಕಳ ಫೀಸು ನಾವು ಅಣ್ಣತಮ್ಮಂದಿರು ಹಂಚಿಕೊಂಡಿದ್ದೇವೆ. ಮೊನ್ನೆ ಹುಡುಗ ಅಬ್ಬಾನ ಅಂಗಿ ಹಿಡಿದು ಅತ್ತ. ಸುಮ್ಮನಿರು ಎನ್ನಲಿಲ್ಲ, ಪಕ್ಕದಲ್ಲಿ ಕುಳಿತೆವು.